ಕಂಪ್ಯೂಟರ್ ಪರದೆಯ ಅನಿಮೇಷನ್‌ಗಳನ್ನು ಹಳೆಯ ಮೂವಿ ಕ್ಯಾಮೆರಾದಲ್ಲಿ ಹಿಡಿಯಲು ಸಾಧ್ಯವಿದೆ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಪುರವಣಿಯಲ್ಲಿ ಈಚೆಗೆ ಪ್ರಕಟವಾದ, ಕೊಡಗಿನ ಮನೆಗಳಲ್ಲಿ ಉಳಿದಿರುವ ಹಳೆಯ ಕ್ಯಾಮೆರಾಗಳನ್ನು ಕುರಿತ ಲೇಖನವನ್ನು ಸಂತೋಷದಿಂದ ಓದಿದೆ. ಸೇನೆಯಲ್ಲಿದ್ದವರು ಹೊರಗಿನಿಂದ ತಂದ, ತೋಟದ ಮನೆಯವರು ಮದುವೆಯನ್ನೋ ಹುತ್ತರಿ ಕೋಲಾಟವನ್ನೋ ಚಿತ್ರೀಕರಿಸಲೆಂದು ಕೊಂಡ 8 ಎಂ.ಎಂ. ಮತ್ತು 16 ಎಂ.ಎಂ. ಮೂವಿ ಕ್ಯಾಮೆರಾಗಳು ಇಂದಿಗೂ ಎಷ್ಟೋ ಅಟ್ಟಗಳಲ್ಲಿ, ಬೀರುಗಳಲ್ಲಿ ಇವೆ ಎಂಬುದನ್ನು ಲೇಖಕರು ಸರಿಯಾಗಿಯೇ ಗುರುತಿಸಿದ್ದಾರೆ. ಆದರೆ ಲೇಖನದ ಕೊನೆಯ ಭಾಗದಲ್ಲಿ ಬಂದಿರುವ ಒಂದು ಅಭಿಪ್ರಾಯವನ್ನು ಒಪ್ಪಲಾರೆ. ಇಂದಿನ ಮಕ್ಕಳು ಕಂಪ್ಯೂಟರ್‌ನಲ್ಲಿ ತಯಾರಿಸುವ ಅನಿಮೇಷನ್‌ಗಳಿಗೂ ಈ ಕ್ಯಾಮೆರಾಗಳಿಗೂ ಸಂಬಂಧವೇ ಇರಲಾರದು, ಪರದೆಯನ್ನು ಫಿಲಂ ಕ್ಯಾಮೆರಾದಿಂದ ತೆಗೆದರೆ ಪಟ್ಟೆಗಳೂ ಮಿಣುಕೂ ಬಂದು ಚಿತ್ರ ಕೆಡುತ್ತದೆ, ಆದ್ದರಿಂದ ಇವು ಷೋಕೇಸಿನ ಅಲಂಕಾರಕ್ಕೆ ಮಾತ್ರ ಎಂಬುದು ಆ ಅಭಿಪ್ರಾಯ. ಕಾಲೇಜಿನಲ್ಲಿ ಬಹುಕಾಲ ಭೌತಶಾಸ್ತ್ರ ಕಲಿಸಿದ ನನಗೆ ಇದನ್ನು ಓದಿ ಸುಮ್ಮನಿರಲು ಆಗಲಿಲ್ಲ. ಪಟ್ಟೆ ಏಕೆ ಬರುತ್ತದೆ ಎಂಬುದು ತಿಳಿದ ವಿಷಯ. ಅದು ಬಾರದಂತೆ ಚಿತ್ರೀಕರಿಸುವ ಕ್ರಮ ಅರವತ್ತು ವರ್ಷಗಳಿಗೂ ಹಿಂದಿನದು. ಇದನ್ನು ಸ್ವಲ್ಪ ವಿವರವಾಗಿ ಬರೆಯಲು ಅವಕಾಶ ಕೊಡಬೇಕೆಂದು ಕೋರುತ್ತೇನೆ. ಇಂತಹ ಒಂದು ಮಾತನ್ನು ನಂಬಿಯೇ ನಮ್ಮ ಪರಿಚಯದ ಕುಟುಂಬವೊಂದು ಸುಸ್ಥಿತಿಯಲ್ಲಿದ್ದ ಕ್ಯಾಮೆರಾವನ್ನು ಗುಜರಿಯವನಿಗೆ ಕೊಟ್ಟುಬಿಟ್ಟಿತೆಂಬ ನೋವೂ ಈ ಪತ್ರಕ್ಕೆ ಕಾರಣ.

ಮೊದಲಿಗೆ ಪಟ್ಟೆಯ ವಿಚಾರ. ಹಳೆಯ ಟಿವಿ ಮತ್ತು ಡಬ್ಬಿಯಂತಹ ಕಂಪ್ಯೂಟರ್ ಮಾನಿಟರ್‌ಗಳಲ್ಲಿ ಇಡೀ ಚಿತ್ರ ಒಮ್ಮೆಲೇ ಪರದೆಯ ಮೇಲೆ ಇರುತ್ತಿರಲಿಲ್ಲ. ಕಣದಲ್ಲಿ ಒಣಹಾಕಿದ ಕಾಫಿಯನ್ನು ಒಬ್ಬನೇ ಆಳು ಒಂದು ಮೂಲೆಯಿಂದ ಆರಂಭಿಸಿ ಸಾಲುಸಾಲಾಗಿ ಎಳೆಯುತ್ತ ಕೆಳಗಿನವರೆಗೆ ಬಂದು, ಮತ್ತೆ ಮೇಲಿನ ಮೂಲೆಗೆ ಹೋಗಿ ಶುರುಮಾಡುವಂತೆ, ಎಲೆಕ್ಟ್ರಾನ್ ಕಿರಣವೊಂದು ಪರದೆಯ ಒಳಮೈಯ, ಫಾಸ್ಫರ್ ಎಂಬ ಹೊಳೆಯುವ ಲೇಪವನ್ನು ಸಾಲುಸಾಲಾಗಿ ಬೆಳಗಿಸುತ್ತ ಹೋಗುತ್ತಿತ್ತು. ಭಾರತದ ದೂರದರ್ಶನ ಪದ್ಧತಿಯಲ್ಲಿ ಒಂದು ಪೂರ್ಣ ಚಿತ್ರಕ್ಕೆ 625 ಸಾಲುಗಳು. ಅವು ಬೆಸ ಸಾಲುಗಳು, ಸಮ ಸಾಲುಗಳು ಎಂದು ಎರಡು ಸರದಿಗಳಲ್ಲಿ ಮೂಡುತ್ತಿದ್ದವು. ಸೆಕೆಂಡಿಗೆ 25 ಚಿತ್ರ, ಎಂದರೆ 50 ಸರದಿ. ಒಂದೊಂದು ಸರದಿಗೆ 20 ಮಿಲಿಸೆಕೆಂಡ್. ನಮ್ಮ ಕಣ್ಣು ಈ ಓಟವನ್ನು ಗುರುತಿಸುವುದಿಲ್ಲ. ಆದರೆ ಮೂವಿ ಕ್ಯಾಮೆರಾಕ್ಕೆ ಅದರದೇ ಆದ ತಾಳವಿದೆ.

ಸಾಮಾನ್ಯ ಸಿನಿಮಾ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಫ್ರೇಮ್‌ಗಳು ಓಡುತ್ತವೆ. ಲೆನ್ಸಿನ ಹಿಂದೆ ತಿರುಗುವ ಅರ್ಧವೃತ್ತದ ಶಟರ್, ಪ್ರತಿ ಫ್ರೇಮಿನ ಅರ್ಧ ಕಾಲ ಬೆಳಕನ್ನು ಒಳಬಿಟ್ಟು, ಉಳಿದ ಅರ್ಧ ಕಾಲ ಮುಚ್ಚಿರುತ್ತದೆ; ಮುಚ್ಚಿರುವಾಗ ಕ್ಯಾಮೆರಾದ ಕೊಕ್ಕೆ ಫಿಲಂನ ರಂಧ್ರಕ್ಕೆ ಸಿಕ್ಕಿ ಮುಂದಿನ ಫ್ರೇಮನ್ನು ಎಳೆದು ನಿಲ್ಲಿಸುತ್ತದೆ. ಹೀಗೆ ಫಿಲಂಗೆ ಬೆಳಕು ಬೀಳುವುದು ಸೆಕೆಂಡಿನ 48ನೇ ಒಂದು ಭಾಗ, ಸುಮಾರು 20.8 ಮಿಲಿಸೆಕೆಂಡ್. ಪರದೆಯ ಒಂದು ಸರದಿ ಮುಗಿಯಲು 20 ಮಿಲಿಸೆಕೆಂಡ್ ಸಾಕಾದ್ದರಿಂದ, ಉಳಿದ 0.8 ಮಿಲಿಸೆಕೆಂಡಿನಲ್ಲಿ ಕಿರಣ ಎರಡನೇ ಸರದಿಯನ್ನು ಆರಂಭಿಸಿ ಪರದೆಯ ಎತ್ತರದ ಸುಮಾರು 24ನೇ ಒಂದು ಭಾಗದಷ್ಟು ಜಾಗವನ್ನು ಇನ್ನೊಮ್ಮೆ ಬೆಳಗಿಸಿರುತ್ತದೆ. ಆ ಭಾಗ ಫಿಲಂನಲ್ಲಿ ಹೆಚ್ಚು ಬೆಳಗಿದ ಪಟ್ಟೆಯಾಗಿ ಕಾಣುತ್ತದೆ. ಶಟರ್ ತೆರೆದಿರುವ ಕಾಲ 20 ಮಿಲಿಸೆಕೆಂಡಿಗಿಂತ ಕಡಿಮೆಯಾದರೆ ಅದೇ ಜಾಗದಲ್ಲಿ ಕಪ್ಪು ಪಟ್ಟೆ ಬರುತ್ತದೆ. ಇನ್ನು ಪಟ್ಟೆ ಉರುಳುವುದೇಕೆ? ಕ್ಯಾಮೆರಾದ ಎರಡು ಫ್ರೇಮ್‌ಗಳ ನಡುವೆ ಸುಮಾರು 41.7 ಮಿಲಿಸೆಕೆಂಡ್ ಅಂತರವಿದ್ದರೆ, ಪರದೆಯ ಎರಡು ಸರದಿಗಳಿಗೆ 40 ಮಿಲಿಸೆಕೆಂಡ್ ಹಿಡಿಯುತ್ತದೆ. ಈ ಸಣ್ಣ ವ್ಯತ್ಯಾಸ ಪ್ರತಿ ಫ್ರೇಮಿಗೂ ಕೂಡುತ್ತ ಹೋಗಿ, ಹನ್ನೆರಡು ಫ್ರೇಮ್‌ಗಳಲ್ಲಿ ಒಂದು ಪೂರ್ತಿ ಸರದಿಯಷ್ಟಾಗುತ್ತದೆ. ಆದ್ದರಿಂದ ಪಟ್ಟೆ ಸೆಕೆಂಡಿಗೆ ಎರಡು ಬಾರಿ ಪರದೆಯ ಉದ್ದಕ್ಕೂ ಹಾದುಹೋಗುತ್ತದೆ. ಪಿ.ಯು. ತರಗತಿಗಳಲ್ಲಿ ಎರಡು ಶ್ರುತಿಕವೆಗಳನ್ನು ಒಟ್ಟಿಗೆ ಮೀಟಿ ಕೇಳಿಸುವ ವಿಸ್ಪಂದನ (ಬೀಟ್ಸ್, ಎಂದರೆ ಸದ್ದಿನ ಏರಿಳಿತ) ಇದುವೇ: ಪರದೆಯ ಐವತ್ತು ಸರದಿಗಳಲ್ಲಿ ಕ್ಯಾಮೆರಾದ ಇಪ್ಪತ್ತನಾಲ್ಕರ ಎರಡರಷ್ಟಾದ ನಲವತ್ತೆಂಟನ್ನು ಕಳೆದರೆ ಎರಡು. ಕಿವಿಗೆ ಕೇಳಿಸಿ ಕಲಿಸುವುದನ್ನು ಕಣ್ಣಿಗೆ ತೋರಿಸಿ ಕಲಿಸಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಕಾರಣ ತಿಳಿದ ಮೇಲೆ ಪರಿಹಾರ ತಾನಾಗಿ ಹೊಳೆಯುತ್ತದೆ. ಕ್ಯಾಮೆರಾವನ್ನು ಸೆಕೆಂಡಿಗೆ 25 ಫ್ರೇಮ್‌ನಂತೆ ನಿಖರವಾಗಿ ಓಡಿಸಿದರೆ ಅರ್ಧವೃತ್ತದ ಶಟರ್ ಸೆಕೆಂಡಿನ 50ನೇ ಒಂದು ಭಾಗ ಮಾತ್ರ ತೆರೆದಿರುತ್ತದೆ. ಪರದೆಯ ಒಂದು ಸರದಿಗೆ ಅದು ಸರಿಹೊಂದುತ್ತದೆ, ಪಟ್ಟೆ ಉರುಳುವುದು ನಿಲ್ಲುತ್ತದೆ. ವೇಗ 24ರಲ್ಲೇ ಇರಬೇಕೆಂದಾದರೆ ಶಟರಿನ ಕೋನವನ್ನು 180 ಡಿಗ್ರಿಯಿಂದ 172.8 ಡಿಗ್ರಿಗೆ ಇಳಿಸಿದರೂ ತೆರೆದಿರುವ ಕಾಲ ಅಷ್ಟೇ ಆಗುತ್ತದೆ. ಸಿನಿಮಾ ದೃಶ್ಯದೊಳಗೆ ಟಿವಿ ಕಾಣಬೇಕಾದಾಗ ಛಾಯಾಗ್ರಾಹಕರು ಅನುಸರಿಸುತ್ತಿದ್ದ ದಾರಿಗಳು ಇವೇ. ಆದರೆ ನಮ್ಮ ಮನೆಗಳಲ್ಲಿರುವ, 8 ಎಂ.ಎಂ. ಫಿಲಂನ ಒಂದು ಬಗೆಯಾದ ಸೂಪರ್ 8 ಕ್ಯಾಮೆರಾಗಳಲ್ಲಿ ಸಾಮಾನ್ಯ ವೇಗ 18 ಫ್ರೇಮ್, ಶಟರಿನ ಕೋನ ಹೆಚ್ಚಿನವುಗಳಲ್ಲಿ ಬದಲಿಸಲಾಗದ್ದು. ಲೇಖಕರು ಕಂಡಿರಬಹುದಾದ ಕೆಟ್ಟ ಫಲಿತಾಂಶ ಇಂತಹ ಕ್ಯಾಮೆರಾವನ್ನು ಹಳೆಯ ಮಾನಿಟರಿನ ಎದುರು ಸುಮ್ಮನೆ ಓಡಿಸಿದ್ದರಿಂದ ಬಂದದ್ದಾಗಿರಬೇಕು.

ಈಗಿನ ಎಲ್.ಸಿ.ಡಿ. ಪರದೆಗಳಲ್ಲಿ ಓಡುವ ಕಿರಣವೇ ಇಲ್ಲ. ಪ್ರತಿಯೊಂದು ಬಿಂದುವೂ ಮುಂದಿನ ಚಿತ್ರ ಬರುವವರೆಗೆ ತನ್ನ ಬೆಳಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಆದ್ದರಿಂದ ಹಳೆಯ ಬಗೆಯ ಪಟ್ಟೆಯ ಭಯ ಬಹುಮಟ್ಟಿಗೆ ಕಳೆದಿದೆ. ಉಳಿದಿರುವುದು ಒಂದು ಎಚ್ಚರಿಕೆ: ಪರದೆಯ ಪ್ರಕಾಶವನ್ನು ತಗ್ಗಿಸಿದಾಗ ಅನೇಕ ಮಾನಿಟರ್‌ಗಳು ಹಿಂದಿನ ದೀಪವನ್ನು ಅತಿ ವೇಗವಾಗಿ ಆರಿಸಿ ಹೊತ್ತಿಸುವ ಮೂಲಕವೇ ಅದನ್ನು ಮಂಕಾಗಿಸುತ್ತವೆ. ಪ್ರಕಾಶವನ್ನು ಪೂರ್ತಿ ಏರಿಸಿಟ್ಟು, ಬೆಳಕು ಹೆಚ್ಚಾಯಿತೆನಿಸಿದರೆ ಲೆನ್ಸಿನ ಅಪರ್ಚರನ್ನು (ಬೆಳಕು ಒಳಬರುವ ಕಂಡಿಯನ್ನು) ಕಿರಿದಾಗಿಸುವುದು ಕ್ಷೇಮ.

ಇಷ್ಟಾದರೂ, ಪರದೆಯ ಮೇಲೆ ಅನಿಮೇಷನ್ ಓಡುತ್ತಿರುವಾಗಲೇ ಅದರ ಎದುರು ಕ್ಯಾಮೆರಾವನ್ನೂ ಓಡಿಸುವುದು ಸರಿಯಾದ ಕ್ರಮವೆಂದು ನಾನು ಹೇಳಲಾರೆ. ಈಗಿನ ಕಂಪ್ಯೂಟರ್ ಪರದೆ ಸಾಮಾನ್ಯವಾಗಿ ಸೆಕೆಂಡಿಗೆ 60 ಬಾರಿ ಬದಲಾಗುತ್ತದೆ, ಕ್ಯಾಮೆರಾ 18 ಬಾರಿ ನೋಡುತ್ತದೆ. ಅರವತ್ತನ್ನು ಹದಿನೆಂಟರಿಂದ ಭಾಗಿಸಿದರೆ ಪೂರ್ಣಸಂಖ್ಯೆ ಬರುವುದಿಲ್ಲ. ಒಂದು ಫ್ರೇಮಿನಲ್ಲಿ ಒಂದೇ ಚಿತ್ರ, ಇನ್ನೊಂದರಲ್ಲಿ ಎರಡು ಚಿತ್ರಗಳ ಕಲಬೆರಕೆ ಬಂದು ಚಲನೆ ಕುಂಟುತ್ತದೆ. ಸರಿಯಾದ ಕ್ರಮವೆಂದರೆ ಅನಿಮೇಷನ್ನಿನ ಒಂದೊಂದು ಚಿತ್ರವನ್ನೂ ಪರದೆಯ ಮೇಲೆ ನಿಲ್ಲಿಸಿ, ಕ್ಯಾಮೆರಾದಲ್ಲಿ ಒಂದೊಂದೇ ಫ್ರೇಮ್ ತೆಗೆಯುವುದು. ಇದರಲ್ಲಿ ಪರದೆಯ ವೇಗಕ್ಕೂ ಕ್ಯಾಮೆರಾದ ವೇಗಕ್ಕೂ ಜಗಳವೇ ಇಲ್ಲ. ಶಟರನ್ನು ಅರ್ಧ ಸೆಕೆಂಡ್ ತೆರೆದಿಡಬಲ್ಲ ಕ್ಯಾಮೆರಾ ಇದ್ದರಂತೂ ಹಳೆಯ ಡಬ್ಬಿ ಮಾನಿಟರನ್ನೂ ಹೆದರಿಕೆಯಿಲ್ಲದೆ ಚಿತ್ರೀಕರಿಸಬಹುದು. ಅಷ್ಟು ಕಾಲದಲ್ಲಿ ಕಿರಣ ಇಪ್ಪತ್ತೈದು, ಮೂವತ್ತು ಬಾರಿ ಪರದೆಯನ್ನು ಹಾದಿರುತ್ತದೆ. ಒಂದು ಬಾರಿ ಹೆಚ್ಚೋ ಕಡಿಮೆಯೋ ಆದರೆ ಬೆಳಕಿನಲ್ಲಿ ಶೇ 3 ಅಥವಾ 4ರಷ್ಟು ಮಾತ್ರ ವ್ಯತ್ಯಾಸವಾಗಿ, ಅದು ಕಣ್ಣಿಗೆ ಬೀಳುವುದಿಲ್ಲ.

ಈ ಕ್ರಮ ಯಾರೋ ಹವ್ಯಾಸಿಗಳ ಕೈಚಳಕವೆಂದು ಓದುಗರು ತಿಳಿಯಬಾರದು. ಕಂಪ್ಯೂಟರ್ ಅನಿಮೇಷನ್ ಹುಟ್ಟಿದ್ದೇ ಹೀಗೆ. 1963ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಎಡ್ವರ್ಡ್ ಝೇಜಾಕ್ ಎಂಬವರು, ಭೂಮಿಯನ್ನು ಸುತ್ತುವ ಉಪಗ್ರಹವೊಂದು ಓಲಾಡುತ್ತ ಕ್ರಮೇಣ ಭೂಮಿಯತ್ತ ಮುಖಮಾಡಿ ಹೇಗೆ ಸ್ಥಿರವಾಗುತ್ತದೆ ಎಂಬುದನ್ನು ಕಂಪ್ಯೂಟರ್‌ನಿಂದ ಲೆಕ್ಕ ಹಾಕಿಸಿ, ಅದರ ಗೆರೆಚಿತ್ರಗಳನ್ನು ಒಂದೊಂದಾಗಿ ಫಿಲಂಗೆ ಇಳಿಸಿ ಕಿರುಚಿತ್ರ ಮಾಡಿದರು. ಅಲ್ಲಿದ್ದ ಯಂತ್ರದ ತಿರುಳು ಒಂದು ಪುಟ್ಟ ಚಿತ್ರನಾಳ (ಹಳೆಯ ಟಿವಿಯಲ್ಲಿದ್ದಂತಹದು) ಮತ್ತು ಅದರ ಎದುರು ಜೋಡಿಸಿದ ಫಿಲಂ ಕ್ಯಾಮೆರಾ, ಅಷ್ಟೇ. ಅದೇ ಪ್ರಯೋಗಾಲಯದ ಕೆನ್ ನೋಲ್ಟನ್ ಇಂತಹ ಚಿತ್ರಗಳನ್ನು ಬಿಡಿಸಲೆಂದೇ ಬೆಫ್ಲಿಕ್ಸ್ ಎಂಬ ಕಂಪ್ಯೂಟರ್ ಭಾಷೆಯನ್ನು ರಚಿಸಿದರು. ಅದರಲ್ಲಿ ಒಂದು ಚಿತ್ರಕ್ಕೆ ಅಡ್ಡಕ್ಕೆ 252, ಉದ್ದಕ್ಕೆ 184 ಬಿಂದುಗಳು, ಕಪ್ಪಿನಿಂದ ಬಿಳುಪಿನವರೆಗೆ ಎಂಟು ಛಾಯೆಗಳು. ಆ ಕಾಲದ ಕಂಪ್ಯೂಟರ್‌ಗಳಿಗೆ ಇಂತಹ ಚಿತ್ರಗಳನ್ನು ಚಲನೆ ಕಾಣುವಷ್ಟು ವೇಗವಾಗಿ ಬಿಡಿಸುವ ಶಕ್ತಿ ಇರಲಿಲ್ಲ. ಚಿತ್ರಗಳು ಓಡುವುದನ್ನು ನೋಡಬೇಕೆಂದರೆ ಅವನ್ನು ಫಿಲಂಗೆ ಇಳಿಸಿ, ತೊಳೆದು, ಪ್ರೊಜೆಕ್ಟರಿಗೆ ಹಾಕುವುದೊಂದೇ ದಾರಿ. ಕಪ್ಪುಬಿಳುಪಿನ ಪರದೆಯಿಂದ ಬಣ್ಣದ ಚಿತ್ರವನ್ನು ಪಡೆಯುವ ಉಪಾಯವೂ ಇತ್ತು: ಕೆಂಪು, ಹಸಿರು, ನೀಲಿ ಗಾಜುಗಳನ್ನು ಒಂದಾದ ಮೇಲೊಂದರಂತೆ ಲೆನ್ಸಿನ ಮುಂದಿಟ್ಟು ಒಂದೇ ಫ್ರೇಮಿಗೆ ಮೂರು ಬಾರಿ ಬೆಳಕು ಕೊಡುವುದು. ಮುಂದೆ ಚಿತ್ರಮಂದಿರಗಳಿಗೆ ಡಿಜಿಟಲ್ ಪ್ರೊಜೆಕ್ಟರ್ ಬರುವವರೆಗೂ, ಕಂಪ್ಯೂಟರ್‌ನಲ್ಲಿ ತಯಾರಾದ ಎಷ್ಟೋ ದೃಶ್ಯಗಳು ಇದೇ ತತ್ವದ ಯಂತ್ರಗಳ ಮೂಲಕ 35 ಎಂ.ಎಂ. ಫಿಲಂಗೆ ಇಳಿದು ಊರೂರಿನ ಟಾಕೀಸುಗಳನ್ನು ತಲುಪುತ್ತಿದ್ದವು. ಎಂದರೆ ನಾವು ಪರದೆಯನ್ನು ಚಿತ್ರೀಕರಿಸಿದ ಫಿಲಂಗಳನ್ನು ವರ್ಷಗಟ್ಟಲೆ ಟಿಕೆಟ್ ಕೊಂಡು ನೋಡಿದ್ದೇವೆ.

ಇನ್ನು ನಮ್ಮಲ್ಲಿ ಇದನ್ನು ಮಾಡುವ ಬಗೆ. ಕ್ಯಾಮೆರಾದ ಮೈಮೇಲೆ ಒಂದೊಂದೇ ಫ್ರೇಮ್ ತೆಗೆಯುವ ಗುಂಡಿಯೋ, ಕೇಬಲ್ ರಿಲೀಸ್ (ಕ್ಯಾಮೆರಾವನ್ನು ಮುಟ್ಟದೆ ಗುಂಡಿ ಒತ್ತುವ ತಂತಿ) ತಿರುಗಿಸಿ ಹಾಕುವ ಸಣ್ಣ ತೂತೋ ಇದೆಯೇ ಎಂದು ಮೊದಲು ನೋಡಬೇಕು. ಸ್ವಿಟ್ಜರ್ಲೆಂಡಿನ ಬೋಲೆಕ್ಸ್ 16 ಎಂ.ಎಂ. ಕ್ಯಾಮೆರಾಗಳಲ್ಲಿ ಈ ಸೌಲಭ್ಯವಿದೆ, ಶಟರನ್ನು ಬೇಕಾದಷ್ಟು ಹೊತ್ತು ತೆರೆದಿಡಲೂ ಬರುತ್ತದೆ. ಕೀಲಿ ಕೊಟ್ಟು ಓಡಿಸುವ ಯಂತ್ರವಾದ್ದರಿಂದ ವಿದ್ಯುತ್ತೂ ಬೇಡ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ಮರ ಬಿದ್ದು ದಿನಗಟ್ಟಲೆ ಕರೆಂಟ್ ಇಲ್ಲದಿರುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಅನುಕೂಲವಲ್ಲ. ಅದರ ಎದುರು ಲ್ಯಾಪ್‌ಟಾಪ್ ಇಟ್ಟರೆ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ನಿಲ್ಲುವುದಿಲ್ಲ. ಸೂಪರ್ 8 ಕ್ಯಾಮೆರಾಗಳಲ್ಲಿಯೂ ಒಂದೊಂದೇ ಫ್ರೇಮ್ ತೆಗೆಯುವ ವ್ಯವಸ್ಥೆ ಹಲವಕ್ಕೆ ಇದೆ. 1965ರಲ್ಲಿ ಕೊಡಾಕ್ ಕಂಪನಿ ಹೊರತಂದ ಈ ಪದ್ಧತಿಯ ಒಂದು ಕ್ಯಾಟ್ರಿಡ್ಜ್‌ನಲ್ಲಿ 50 ಅಡಿ ಫಿಲಂ, 3,600 ಫ್ರೇಮ್‌ಗಳು. ಸೆಕೆಂಡಿಗೆ 18ರಂತೆ ತೋರಿಸಿದರೆ ಮೂರು ನಿಮಿಷ 20 ಸೆಕೆಂಡ್. ಪ್ರತಿ ಚಿತ್ರವನ್ನು ಎರಡು ಫ್ರೇಮ್‌ನಂತೆ ತೆಗೆದರೆ 1,800 ಚಿತ್ರ ಸಾಕು. ಕೈಯಿಂದ ಬಿಡಿಸಿದ ಅನಿಮೇಷನ್‌ಗಳಲ್ಲಿಯೂ ಇದೇ ವಾಡಿಕೆ. ಹತ್ತು ಮಕ್ಕಳು ಒಬ್ಬೊಬ್ಬರು 20 ಸೆಕೆಂಡಿನಂತೆ ಹಂಚಿಕೊಂಡರೆ ಒಂದು ಕ್ಯಾಟ್ರಿಡ್ಜ್‌ಗೆ ಸರಿಹೋಗುತ್ತದೆ. ಫಿಲಂ ಮತ್ತು ಸಂಸ್ಕರಣೆ ಸೇರಿದರೆ ಸಾವಿರಾರು ರೂಪಾಯಿ ಖರ್ಚು ಬರುವುದರಿಂದ ಈ ಹಂಚಿಕೆ ಅಗತ್ಯವೂ ಹೌದು.

ಕೋಣೆ ಕತ್ತಲಾಗಿರಬೇಕು, ಕಿಟಕಿಯ ಬೆಳಕಾಗಲಿ, ಚಿತ್ರ ತೆಗೆಯುವವರ ಬಿಳಿ ಅಂಗಿಯಾಗಲಿ ಪರದೆಯ ಗಾಜಿನಲ್ಲಿ ಪ್ರತಿಫಲಿಸಬಾರದು. ಕ್ಯಾಮೆರಾ ಟ್ರೈಪಾಡಿನ ಮೇಲೆ ಅಲುಗಾಡದೆ, ಪರದೆಯ ನಡುಬಿಂದುವಿಗೆ ನೇರವಾಗಿ ನಿಲ್ಲಬೇಕು. ಸ್ವಲ್ಪ ಓರೆಯಾದರೂ ಚೌಕ ಹೋಗಿ ಓರೆಚೌಕವಾಗುತ್ತದೆ. ಬೆಳಕಿನ ಅಳತೆಯನ್ನು ಕ್ಯಾಮೆರಾದ ಸ್ವಯಂಚಾಲಿತ ಮೀಟರಿಗೆ ಬಿಡಲೇಬಾರದು. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಗೆರೆಗಳಿರುವ ಚಿತ್ರ ಬಂದಾಗ ಆ ಮೀಟರ್ ಕತ್ತಲೆಯೆಂದು ತಿಳಿದು ಅಪರ್ಚರನ್ನು ಅಗಲಿಸುತ್ತದೆ, ಮುಂದಿನ ಚಿತ್ರ ಬೆಳ್ಳಗಿದ್ದರೆ ಕಿರಿದಾಗಿಸುತ್ತದೆ. ಫಿಲಂನಲ್ಲಿ ಅದು ಉಸಿರಾಡಿದಂತೆ ಕಾಣುತ್ತದೆ. ಪರದೆಯ ತುಂಬ ಮಧ್ಯಮ ಬೂದು ಬಣ್ಣವನ್ನು ಇಟ್ಟು ಒಮ್ಮೆ ಅಳೆದು, ಆ ಅಳತೆಯನ್ನೇ ಕೊನೆಯವರೆಗೆ ಸ್ಥಿರವಾಗಿರಿಸಬೇಕು. ಹಳೆಯ ಮೀಟರ್‌ಗಳ ವಿಚಾರದಲ್ಲಿ ಇನ್ನೊಂದು ತೊಡಕಿದೆ. ಅವುಗಳಲ್ಲಿ ಅನೇಕವು 1.35 ವೋಲ್ಟಿನ ಪಾದರಸದ ಬ್ಯಾಟರಿಗೆಂದು ಮಾಡಿದವು, ಆ ಬ್ಯಾಟರಿ ಈಗ ಮಾರುಕಟ್ಟೆಯಲ್ಲಿ ಇಲ್ಲ, 1.5 ವೋಲ್ಟಿನದನ್ನು ಹಾಕಿದರೆ ಅಳತೆ ತಪ್ಪುತ್ತದೆ. ಕಿವಿಯ ಯಂತ್ರಕ್ಕೆ ಬಳಸುವ ಝಿಂಕ್ ಬ್ಯಾಟರಿಯ ವೋಲ್ಟೇಜ್ ಅದಕ್ಕೆ ಹತ್ತಿರ.

ಬಣ್ಣದ ಫಿಲಂ ಬಳಸುವವರು ಗಮನಿಸಬೇಕಾದ ಸಂಗತಿಯೆಂದರೆ ಪರದೆಯ ಬಿಳುಪು ಸಾಮಾನ್ಯವಾಗಿ 6,500 ಕೆಲ್ವಿನ್ ಬಣ್ಣತಾಪದ್ದು (ಈ ಅಂಕಿ ಹೆಚ್ಚಿದಷ್ಟೂ ಬೆಳಕು ನೀಲಿಯತ್ತ ವಾಲುತ್ತದೆ), ಹಗಲು ಬೆಳಕಿನ ಫಿಲಂ ತಯಾರಾಗುವುದು 5,500 ಕೆಲ್ವಿನ್‌ಗೆ. ಏನೂ ಮಾಡದಿದ್ದರೆ ಚಿತ್ರ ಸ್ವಲ್ಪ ನೀಲಿಯಾಗಿ ಬರುತ್ತದೆ. ಲೆನ್ಸಿಗೆ ಫಿಲ್ಟರ್ ಹುಡುಕುವ ಬದಲು ಮಾನಿಟರಿನ ಸೆಟ್ಟಿಂಗ್‌ನಲ್ಲಿಯೇ ಬಣ್ಣವನ್ನು ಬೆಚ್ಚಗಾಗಿಸಿದರೆ ಕೆಲಸ ಮುಗಿಯಿತು. ಇನ್ನು ಕನ್ನಡ ಅಕ್ಷರಗಳ ವಿಷಯ. ಸೂಪರ್ 8 ಫ್ರೇಮ್ ಆರು ಮಿಲಿಮೀಟರ್ ಅಗಲವೂ ಇಲ್ಲ. ಅದರಲ್ಲಿ ಸಣ್ಣ ಅಕ್ಷರಗಳ ಒತ್ತು, ದೀರ್ಘ, ಅರ್ಕಾವೊತ್ತುಗಳು ಫಿಲಂನ ಕಣಗಳಲ್ಲಿ ಕರಗಿಹೋಗುತ್ತವೆ. ಶೀರ್ಷಿಕೆ ಹಾಕುವ ಮಕ್ಕಳು ಪರದೆಗೆ ಎರಡು ಅಥವಾ ಮೂರು ಪದಗಳಷ್ಟೇ ಇರುವಂತೆ ದಪ್ಪವಾಗಿ ಬರೆಯಬೇಕು, ಅಂಚುಗಳಲ್ಲಿ ಜಾಗ ಬಿಡಬೇಕು, ಚಿತ್ರದ ಆಕಾರವನ್ನೂ ಈಗಿನ ಅಗಲ ಪರದೆಯಂತೆ ಇಡದೆ ನಾಲ್ಕಕ್ಕೆ ಮೂರರ ಪ್ರಮಾಣದಲ್ಲಿಯೇ ಇಡಬೇಕು.

ಮೊಬೈಲ್ ಇರುವಾಗ ಇದೆಲ್ಲ ಏಕೆ ಎಂದು ಕೇಳುವವರಿದ್ದಾರೆ, ಫಿಲಂನಂತೆ ಕಾಣಿಸುವ ಫಿಲ್ಟರ್‌ಗಳೇ ಬಂದಿವೆಯಲ್ಲ ಎನ್ನುವವರೂ ಇದ್ದಾರೆ. ಮೊಬೈಲಿನಲ್ಲಿ ಪರದೆಯನ್ನು ತೆಗೆದು ನೋಡಿದವರಿಗೆ ಬಣ್ಣಬಣ್ಣದ ಅಲೆಗಳ ಮಾದರಿ ಕಂಡಿರುತ್ತದೆ. ಪರದೆಯ ಬಿಂದುಗಳ ಸಾಲೂ ಮೊಬೈಲಿನ ಸಂವೇದಕದ ಬಿಂದುಗಳ ಸಾಲೂ ಒಂದರ ಮೇಲೊಂದು ಬಿದ್ದಾಗ ಅದು ಹುಟ್ಟುತ್ತದೆ. ಫಿಲಂನಲ್ಲಿ ಬೆಳ್ಳಿಯ ಕಣಗಳು ಕ್ರಮವಿಲ್ಲದೆ ಹರಡಿರುವುದರಿಂದ ಫಿಲಂನ ಕಡೆಯಿಂದ ಆ ಅಲೆ ಹುಟ್ಟುವುದಿಲ್ಲ. ಆದರೆ ನನ್ನ ನಿಜವಾದ ಉತ್ತರ ಬೇರೆ. ಫಿಲ್ಟರ್ ಹಾಕುವ ಹುಡುಗಿ ಕೆಲಸ ಮುಗಿದ ಮೇಲೆ ಒಂದು ಗುಂಡಿ ಒತ್ತುತ್ತಾಳೆ. ಫಿಲಂಗೆ ಇಳಿಸುವ ಹುಡುಗಿ, ಹೂಮಳೆ ಬಿದ್ದ ಮೇಲೆ ಕಾಫಿಯ ಮೊಗ್ಗು ಅರಳುವುದನ್ನು ತೋರಿಸಬೇಕೆಂದುಕೊಂಡರೆ, ಅದು ಎಷ್ಟು ಸೆಕೆಂಡ್, ಎಷ್ಟು ಫ್ರೇಮ್, ಎಸಳು ತೆರೆಯುವಾಗ ವೇಗ ಎಲ್ಲಿ ಹೆಚ್ಚು ಎಲ್ಲಿ ಕಡಿಮೆ ಎಂದು ಮೊದಲೇ ಕಾಗದದ ಮೇಲೆ ಲೆಕ್ಕ ಹಾಕಬೇಕಾಗುತ್ತದೆ. ಒಂದೊಂದು ಚಿತ್ರವನ್ನೂ ನಿಲ್ಲಿಸಿ ನೋಡಿ ಮುಂದೆ ಹೋಗುವಾಗ, ಚಲನಚಿತ್ರದಲ್ಲಿ ಯಾವುದೂ ಚಲಿಸುವುದಿಲ್ಲ, ನಿಂತ ಚಿತ್ರಗಳಿಂದ ಚಲನೆಯನ್ನು ಕಟ್ಟುವುದು ನಮ್ಮ ಮಿದುಳು ಎಂಬ ಸಂಗತಿ ಅವಳ ಬೆರಳುಗಳಿಗೆ ತಿಳಿಯುತ್ತದೆ. ಭೌತಶಾಸ್ತ್ರ, ಗಣಿತ, ಚಿತ್ರಕಲೆ ಮೂರನ್ನೂ ಒಂದೇ ಮೇಜಿನ ಮೇಲೆ ಕೂರಿಸುವ ಇಂತಹ ಪಾಠ ನಮ್ಮ ಶಾಲೆಗಳಿಗೆ ಸುಲಭವಾಗಿ ಸಿಗುವಂತಹದ್ದಲ್ಲ.

ಉಳಿಕೆಯ ಪ್ರಶ್ನೆಯೂ ಇದೆ. 1984ರಲ್ಲಿ ಆರಂಭವಾದ ‘ಕ್ಲಾಸ್’ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್‌ಗಳು ಬಂದಾಗ ಮಕ್ಕಳು ಅವುಗಳಲ್ಲಿ ಬಿಡಿಸಿದ ಚಿತ್ರಗಳನ್ನು ಇಂದು ಯಾರು ನೋಡಬಲ್ಲರು? ಫ್ಲಾಪಿ ಸಿಕ್ಕರೂ ಅದನ್ನು ಓದುವ ಯಂತ್ರ ಸಿಗದು. ಆಮೇಲಿನ ತಲೆಮಾರು ಫ್ಲ್ಯಾಷ್ ತಂತ್ರಾಂಶದಲ್ಲಿ ಮಾಡಿದ ಅನಿಮೇಷನ್‌ಗಳ ಗತಿಯೂ ಹೆಚ್ಚು ಭಿನ್ನವಲ್ಲ. 2020ರ ಡಿಸೆಂಬರ್ 31ಕ್ಕೆ ಅದರ ಬೆಂಬಲ ಕೊನೆಗೊಂಡಿತು. ಫಿಲಂನ ತುಣುಕನ್ನು ಕಿಟಕಿಗೆ ಹಿಡಿದರೆ, ಕೈಯಲ್ಲೊಂದು ಭೂತಗನ್ನಡಿ ಇದ್ದರೆ, ಯಾವ ತಂತ್ರಾಂಶದ ಹಂಗೂ ಇಲ್ಲದೆ ಚಿತ್ರ ಕಾಣುತ್ತದೆ. 2020ರಲ್ಲಿ ಗಿಟ್‌ಹಬ್ ಸಂಸ್ಥೆ ತನ್ನಲ್ಲಿದ್ದ ಕಂಪ್ಯೂಟರ್ ಪ್ರೋಗ್ರಾಂಗಳನ್ನು ದೀರ್ಘಕಾಲ ಕಾಪಿಡಲೆಂದು ಆಯ್ದುಕೊಂಡ ಮಾಧ್ಯಮವೂ ಫಿಲಂ ರೀಲುಗಳೇ. ಅವು ಉತ್ತರ ಧ್ರುವದ ಸಮೀಪದ ಸ್ವಾಲ್‌ಬಾರ್ಡ್ ದ್ವೀಪಸಮೂಹದ ಗಣಿಯೊಂದರಲ್ಲಿವೆ.

ಅಲ್ಲಿನ ಚಳಿ ನಮಗಿಲ್ಲ ಎಂಬುದನ್ನು ಮುಚ್ಚಿಡುವುದು ಸರಿಯಲ್ಲ. ಕೊಡಗಿನ ಮಳೆಗಾಲದ ತೇವ ಫಿಲಂಗೂ ಲೆನ್ಸಿಗೂ ಶತ್ರು. ಅಸಿಟೇಟ್ ಫಿಲಂ ತೇವ ಮತ್ತು ಶಾಖಕ್ಕೆ ಸಿಕ್ಕಿದರೆ ಕ್ರಮೇಣ ಒಡೆದು ಅಸಿಟಿಕ್ ಆಮ್ಲವನ್ನು ಬಿಡುತ್ತದೆ. ಡಬ್ಬಿ ತೆರೆದಾಗ ವಿನೆಗರ್ ವಾಸನೆ ಬಂದರೆ ಅದು ಆರಂಭವಾಗಿದೆಯೆಂದು ತಿಳಿದು ಆ ರೀಲನ್ನು ಉಳಿದವುಗಳಿಂದ ಬೇರೆ ಇಡಬೇಕು. ಲೆನ್ಸಿನ ಒಳಗೆ ಬೂಸ್ಟು ಜೇಡರ ಬಲೆಯಂತೆ ಹಬ್ಬುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿಟ್ಟು, ಅದರ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಿ ಮತ್ತೆ ಬಳಸುವಷ್ಟು ಎಚ್ಚರ ಬೇಕು. ಚರ್ಮದ ಚೀಲದಲ್ಲಿಟ್ಟ ಕ್ಯಾಮೆರಾಕ್ಕೆ ಬೂಸ್ಟು ಬೇಗ ಹಿಡಿಯುತ್ತದೆ. ಚೀಲವನ್ನು ಬೇರೆ ಇಡಿ.

ಸಂಸ್ಕರಣೆಯ ವಿಷಯ ಬಂದಾಗ ಕಾಫಿ ಬೆಳೆಯುವ ನಾಡಿನವರಿಗೆ ಹೇಳಲೇಬೇಕಾದ ಒಂದು ಮಾತಿದೆ. ಮೂವಿ ಫಿಲಂ ತೊಳೆಯುವ ಲ್ಯಾಬ್ ನಮ್ಮ ಜಿಲ್ಲೆಯಲ್ಲಿ ಇಲ್ಲ, ಬಣ್ಣದ ಫಿಲಂ ದೂರದ ನಗರಕ್ಕೆ ಹೋಗಲೇಬೇಕು. ಆದರೆ ಕಪ್ಪುಬಿಳುಪಿನ ಫಿಲಂಗೆ ಕಾಫಿಯೇ ಡೆವಲಪರ್, ಎಂದರೆ ಚಿತ್ರವನ್ನು ಮೂಡಿಸುವ ದ್ರಾವಣ, ಆಗಬಲ್ಲದು. 1995ರಲ್ಲಿ ಅಮೆರಿಕದ ರಾಚೆಸ್ಟರ್ ತಾಂತ್ರಿಕ ಸಂಸ್ಥೆಯಲ್ಲಿ ಸ್ಕಾಟ್ ವಿಲಿಯಮ್ಸ್ ಮತ್ತು ಅವರ ವಿದ್ಯಾರ್ಥಿಗಳು ಇನ್‌ಸ್ಟಂಟ್ ಕಾಫಿಪುಡಿ ಮತ್ತು ವಾಷಿಂಗ್ ಸೋಡಾ ಬೆರೆಸಿದ ದ್ರಾವಣದಲ್ಲಿ ಫಿಲಂ ತೊಳೆದು ತೋರಿಸಿದರು. ಮುಂದೆ ಅದಕ್ಕೆ ಸಿ ಜೀವಸತ್ವ ಸೇರಿಸಿದಾಗ ಫಲಿತಾಂಶ ಇನ್ನೂ ಉತ್ತಮವಾಯಿತು. ಕ್ಯಾಫಿನಾಲ್ ಎಂದು ಇದರ ಹೆಸರು. ಹೆಸರಿನಿಂದ ಕೆಫೀನ್ ಕೆಲಸ ಮಾಡುತ್ತದೆಂದು ತೋರಬಹುದು, ಆದರೆ ಬೆಳಕು ಬಿದ್ದ ಬೆಳ್ಳಿಯ ಲವಣವನ್ನು ಬೆಳ್ಳಿಯಾಗಿಸುವುದು ಕಾಫಿಯಲ್ಲಿರುವ ಕೆಫೀಯಿಕ್ ಆಮ್ಲದಂತಹ ಪದಾರ್ಥಗಳು. ಇದನ್ನು ಬಳಸುವವರು ಅಗ್ಗದ ರೊಬಸ್ಟಾ ಕಾಫಿಯನ್ನೇ ಮೆಚ್ಚುತ್ತಾರೆಂಬುದು ನಮ್ಮ ಬೆಳೆಗಾರರಿಗೆ ಸಂತೋಷದ ಸುದ್ದಿಯಾದೀತು. ವಾಸನೆ ಮಾತ್ರ ಕುಡಿಯುವ ಕಾಫಿಯದ್ದಲ್ಲ, ಕಿಟಕಿಗಳನ್ನು ತೆರೆದಿಡಬೇಕು. ಇದಾದ ಮೇಲೆ ಚಿತ್ರವನ್ನು ಸ್ಥಿರಗೊಳಿಸಲು ಹೈಪೋ ಎಂಬ ರಾಸಾಯನಿಕ ಬೇಕೇ ಬೇಕು. ಬಳಸಿದ ಹೈಪೋದಲ್ಲಿ ಬೆಳ್ಳಿ ಕರಗಿರುತ್ತದೆ. ಅದನ್ನು ತೋಡಿಗೆ ಚೆಲ್ಲುವುದು ಕೂಡದು, ಇಲ್ಲಿನ ಬಹುಪಾಲು ತೋಡುಗಳು ಸೇರುವುದು ಕಾವೇರಿಯನ್ನೇ. ಕಾಲೇಜುಗಳ ರಸಾಯನಶಾಸ್ತ್ರ ವಿಭಾಗದವರು ಅದನ್ನು ಸಂಗ್ರಹಿಸಿ ಬೆಳ್ಳಿಯನ್ನು ಬೇರ್ಪಡಿಸುವ ಪ್ರಯೋಗವನ್ನೇ ಮಾಡಿಸಬಹುದು.

ಆದ್ದರಿಂದ ತಮ್ಮಲ್ಲಿ ನನ್ನ ಮೊದಲ ವಿನಂತಿ, ಪರದೆಯನ್ನು ಫಿಲಂ ಕ್ಯಾಮೆರಾದಿಂದ ತೆಗೆಯಲಾಗದು ಎಂಬ ಮಾತಿಗೆ ಪುರವಣಿಯಲ್ಲಿ ಒಂದು ತಿದ್ದುಪಡಿ ಪ್ರಕಟವಾಗಲಿ ಎಂಬುದು. ಓದುಗರಲ್ಲಿ ವಿನಂತಿಯೆಂದರೆ, ಅಟ್ಟದಲ್ಲಿರುವ ಕ್ಯಾಮೆರಾವನ್ನು ಗುಜರಿಗೆ ಕೊಡುವ ಮುನ್ನ ಕೆಳಗಿಳಿಸಿ ನೋಡಿರಿ. ಬ್ಯಾಟರಿ ಸೋರಿ ಹಸಿರು ಕಟ್ಟಿದ್ದರೆ ಸ್ವಲ್ಪ ನಿಂಬೆರಸ ತಾಗಿಸಿದ ಹತ್ತಿಯಿಂದ ಒರೆಸಿ, ಆಮೇಲೆ ಚೆನ್ನಾಗಿ ಒಣಗಿಸಿರಿ. ಕೊಡಾಕ್ರೋಮ್ ಎಂಬ ಬಣ್ಣದ ಫಿಲಂನ ಹಳೆಯ ರೀಲು ತೊಳೆಯದೆ ಉಳಿದಿದ್ದರೆ, ಅದರ ಬಣ್ಣದ ಸಂಸ್ಕರಣೆ 2010ರ ಕೊನೆಗೇ ನಿಂತುಹೋಗಿರುವುದರಿಂದ, ಕಪ್ಪುಬಿಳುಪಿನಲ್ಲಿ ಮಾತ್ರ ಚಿತ್ರ ಪಡೆಯಲು ಪ್ರಯತ್ನಿಸಬಹುದು. ಕ್ಯಾಮೆರಾ ಓಡುವ ಸ್ಥಿತಿಯಲ್ಲಿದ್ದು, ಒಂದೊಂದೇ ಫ್ರೇಮ್ ತೆಗೆಯುವ ಸೌಲಭ್ಯ ಅದಕ್ಕಿದ್ದರೆ, ದಾನವಾಗಿ ಬೇಡ, ಒಂದು ಮಳೆಗಾಲದ ಮಟ್ಟಿಗೆ ಸಮೀಪದ ಶಾಲೆಗೋ ಕಾಲೇಜಿಗೋ ಎರವಲಾಗಿ ಕೊಡಿರಿ. ಶಾಲೆಗಳಲ್ಲಿ ಕಂಪ್ಯೂಟರ್ ಇದೆ, ಉಚಿತ ಅನಿಮೇಷನ್ ತಂತ್ರಾಂಶಗಳಿವೆ, ಮೊಬೈಲಿನ ಚಿಕ್ಕ ತೆರೆಯನ್ನು ಬಿಟ್ಟು ಗೋಡೆಯ ಮೇಲೆ ತಮ್ಮ ಚಿತ್ರವನ್ನು ನೋಡಬೇಕೆಂಬ ಮಕ್ಕಳಿದ್ದಾರೆ. ಇಲ್ಲದಿರುವುದು ಕ್ಯಾಮೆರಾ ಒಂದೇ.

ವಿರಾಜಪೇಟೆ, ಪೊನ್ನಂಪೇಟೆ ತಾಲ್ಲೂಕುಗಳ ಯಾವುದೇ ಶಾಲೆ ಈ ಕೆಲಸಕ್ಕೆ ಮುಂದಾದರೆ, ಬೆಳಕಿನ ಮೀಟರ್ ಮತ್ತು ಟ್ರೈಪಾಡಿನೊಂದಿಗೆ ಬಂದು ಮೊದಲ ರೀಲು ಮುಗಿಯುವವರೆಗೆ ಜೊತೆಗಿರಲು ನಾನು ಸಿದ್ಧನಿದ್ದೇನೆ. ಆಸಕ್ತ ಶಿಕ್ಷಕರು ಪತ್ರಿಕೆಯ ಕಚೇರಿಗೆ ಬರೆದರೆ ಆ ಪತ್ರಗಳನ್ನು ದಯವಿಟ್ಟು ನನಗೆ ತಲುಪಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಭೌತಶಾಸ್ತ್ರ ಉಪನ್ಯಾಸಕ,
ವಿರಾಜಪೇಟೆ, ಕೊಡಗು